ಸಾಕಮ್ಮ ಹೇಳಿದ ವಾಕ್ಯ

“ಮೈ ಹಸ್ಬೆಂಡ್ ಈಸ್…” ಎಂದು ಶುರುಮಾಡಿದ ಸಾಕಮ್ಮ ಅಲ್ಲಿಗೇ ನಿಂತುಬಿಟ್ಟರು. ಬೋರ್ಡಿನ ಪಕ್ಕದಲ್ಲಿದ್ದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಕಾಯುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ ಹಾಸನದಲ್ಲಿ ನಾವು ಇಪ್ಪತ್ತು ಹೆಂಗಸರು ಶಿಕ್ಷಕಿಯರ ತರಬೇತಿಗೆ ಸೇರಿದ್ದೆವು. ವಾಕ್ಯದ ಮೊದಲಲ್ಲಿ ಬರುವ ನಾಮಪದವೂ ‘ಈಸ್’ ಆದಮೇಲೆ ಬರುವ ನಾಮಪದವೂ ಒಬ್ಬರನ್ನೇ ಹೇಳುತ್ತವೆ ಎಂದು ವಿವರಿಸಿದ ಮೇಷ್ಟ್ರು, ಮನೆಯವರ ಹೆಸರು ಸೇರಿಸಿ ಒಬ್ಬೊಬ್ಬರಿಂದ ಒಂದೊಂದು ವಾಕ್ಯ ಹೇಳಿಸುತ್ತಿದ್ದರು. ಅಪ್ಪ, ಅಣ್ಣ, ತಮ್ಮ ಎಲ್ಲ ಮುಗಿದು ಅರಕಲಗೂಡು ಕಡೆಯ ಸಾಕಮ್ಮನ ಪಾಲಿಗೆ ಗಂಡ ಬಂದಿದ್ದ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಆಕೆ, ಮದುವೆಯಾಗಿ ಹತ್ತು ವರ್ಷವಾದರೂ ಒಮ್ಮೆಯೂ ಅದನ್ನು ಬಾಯಿಗೆ ತಂದಿರಲಿಲ್ಲ. ಮೇಷ್ಟ್ರು ಬಿಡಲಿಲ್ಲ.

“ಮೈ ಹಸ್ಬೆಂಡ್ ಈಸ್ ಪುಟ್ಟೇಗೌಡ,” ಎಂದು ಒಂದೇ ಉಸಿರಿಗೆ ಹೇಳಿ ಕೂತರು. ನಾವೆಲ್ಲ ನಗುತ್ತಾ ಚಪ್ಪಾಳೆ ತಟ್ಟಿದೆವು.

ಮಧ್ಯಾಹ್ನ ಆಕೆ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದೆ. “ಇಂಗ್ಲಿಷಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಕಣಕ್ಕ, ಬನ್ನಿ,” ಎಂದೆ.

“ಯಾವ ಭಾಷೇಲಿ ಯೋಳುದ್ರೂ ಎಸ್ರು ಅವರ್ದೇ ಕಣವ್ವಾ. ಇವತ್ತೊಂದಿನ ಉಪಾಸ ಇರ್ತೀನಿ, ನೀನು ಓಗಿ ಉಣ್ಣು,” ಎಂದರು.

ಮುಂದೆ ಹೊಳೆನರಸೀಪುರದಲ್ಲಿ ನಾನೂ ವರ್ಷಗಟ್ಟಲೆ ಆ ಪಾಠ ಮಾಡಿದೆ. ಪ್ರತಿ ಸಲವೂ ಬೋರ್ಡಿನ ಮೇಲೆ ‘ಗುಲಾಬಿ ಒಂದು ಹೂವು’ ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆದೆ. ಗುಲಾಬಿಯ ಹೆಸರು ಹೇಳಿದ್ದಕ್ಕೆ ಯಾರೂ ಊಟ ಬಿಡುವುದಿಲ್ಲ.