ಇಂಡಿಯಿಂದ ಮುದ್ದೇಬಿಹಾಳಕ್ಕೆ, ಸೋರುವ ಕ್ಲಚ್ಚಿನೊಂದಿಗೆ

ಇಂಡಿ ಬಿಟ್ಟಾಗ ಹನ್ನೊಂದು ಗಂಟೆ. ಅಲ್ಲೇ ಕೊಂಡ ಕಾರು ಒಂಬತ್ತು ವರ್ಷ ಹಳೆಯದು, ನಮಗೆ ಮಾತ್ರ ಹೊಸದು. ಹೊರಡುವ ಮುನ್ನ ಗುಡಿಯ ಮುಂದೆ ಪೂಜೆಯಾಗಿತ್ತು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ನಿಂಬೆಯ ಊರಿನಲ್ಲಿ ಅದಕ್ಕೇನು ಬರ! ಒಡೆದ ಕಾಯಿಯ ಹೋಳುಗಳನ್ನು ನನ್ನ ಗಂಡ ಸ್ಟೇರಿಂಗಿನ ಕೆಳಗಿಟ್ಟು, ಆಮೇಲೆ ಹಿಂದಿನ ಸೀಟಿಗೆ ಸಾಗಿಸಿದರು. ಪೂಜೆ ಮಾಡಿಸಿದ ಗಾಡಿಯೆಂದು ನಾನು ಚಪ್ಪಲಿ ಕಳಚಿ ಬರಿಗಾಲಲ್ಲೇ ಓಡಿಸತೊಡಗಿದೆ.

ಮುದ್ದೇಬಿಹಾಳದ ಮನೆಗೆ ನೂರೈವತ್ತು ಕಿಲೋಮೀಟರಿನ ಆಜುಬಾಜು. ಅಲ್ಲಿ ನಮ್ಮೊಂದಿಗೆ ನನ್ನ ಅಕ್ಕ ಇದ್ದಾಳೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಸೀಟು ಸಿಗದ ದಿನ ನಿಂತುಕೊಂಡು. ಮರುದಿನ ಬೆಳಗ್ಗೆ ಮತ್ತೆ ಹೋಗಬೇಕಿತ್ತು. ಕಾರು ಕೊಂಡದ್ದೇ ಅದಕ್ಕೆ.

ಸಿಂದಗಿಯವರೆಗೆ ಸುಖವಾಗಿ ಬಂದೆವು. ಊರೊಳಗಿನ ಸರ್ಕಲ್ಲಿನಲ್ಲಿ ಗೇರು ಹಾಕಹೋದರೆ ಕರ್ರೆಂದಿತು. ಕ್ಲಚ್ ಪೆಡಲ್ ಸತ್ವವಿಲ್ಲದೆ ಕೆಳಗಿಳಿಯಿತು. ಮತ್ತೆರಡು ಸಲ ತುಳಿದ ಮೇಲೆ ಗೇರು ಬಿತ್ತು. ಪಾದದಡಿ ಮ್ಯಾಟು ಒದ್ದೆಯಾಗಿತ್ತು.

"ಕಾಯಿ ನೀರು ಚೆಲ್ಲಿ ಇಟ್ಟೀರಿ ನೋಡ್ರಿ, ಕಾಲು ಜಾರಾಕತ್ತೈತಿ," ಎಂದು ಗಂಡನ ಮೇಲೆ ರೇಗಿದೆ.

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ," ಎಂದರು ಅವರು, ಕಿಟಕಿಯ ಕಡೆ ನೋಡುತ್ತ.

ದೇವರ ಹಿಪ್ಪರಗಿಯಲ್ಲಿ ಹತ್ತು ರೂಪಾಯಿಯ ಚಹಾ. ನಮ್ಮ ಗೇರಿನ ಸದ್ದು ಕೇಳಿಸಿಕೊಂಡಿದ್ದ ಚಹಾದಂಗಡಿಯವನು ಕೇಳದೆಯೇ ತೀರ್ಪು ಕೊಟ್ಟ: "ಕ್ಲಚ್ ಪ್ಲೇಟ್ ಹ್ವಾದ್ವು ಬಿಡ್ರಿ. ಗೇರ್‌ಬಾಕ್ಸ್ ಇಳಸಬೇಕು, ಎರಡು ದಿನದ ಕೆಲಸ." ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ದಾರಿಯಲ್ಲಿ ಕಟಾವಾದ ಜೋಳದ ಹೊಲಗಳು, ಸುಡು ಬಿಸಿಲು. ರಸ್ತೆಯ ಒಂದೊಂದು ಉಬ್ಬಿಗೂ ಗೇರು ಇಳಿಸಬೇಕಲ್ಲ ಎಂದು ಜೀವ ಹಾರುತ್ತಿತ್ತು. ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಪೆಡಲ್ ನೆಲಕ್ಕಂಟಿತು, ಮೇಲೇಳಲಿಲ್ಲ. ಇಬ್ಬರು ಪುಣ್ಯಾತ್ಮರು ನೂಕಿ ಒಂದು ಗ್ಯಾರೇಜಿಗೆ ಮುಟ್ಟಿಸಿದರು. ಅಕ್ಕನಿಗೆ ಫೋನ್ ಮಾಡಿ ಗಾಡಿ ಕೆಟ್ಟಿದೆಯೆಂದೆ. "ಇರ್ಲಿ ತಗೋ," ಎಂದಳು, ಅಷ್ಟೆ.

ಗ್ಯಾರೇಜಿನ ದಸ್ತಗೀರ ಮಿಸ್ತ್ರಿ ಬಿಳಿ ಗಡ್ಡದ ನಿಧಾನಸ್ಥರು. ನನಗೋ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ದಾರಿಯಲ್ಲಿ ಆದದ್ದನ್ನೂ ಚಹಾದಂಗಡಿಯವನು ಅಂದದ್ದನ್ನೂ ಒಂದೇ ಉಸಿರಿಗೆ ಹೇಳಿದೆ.

"ಏರಿನ್ಯಾಗ ಎಂಜಿನ್ ಬರೇ ಒದರಿ, ಗಾಡಿ ಎಳೀಲಾರದಂಗ ಆಗಿತ್ತೇನ್ರಿ ಅಕ್ಕಾರ?"

"ಇಲ್ರಿ, ಚಲೋ ಎಳೀತು."

"ಮತ್ತ ಪ್ಲೇಟ್ ಯಾಕ ಹೋಗ್ತಾವು? ಎರಡು ಸಲ ತುಳದ್ರ ಗೇರು ಬೀಳ್ತಿತ್ತು ಅಂದ್ರ ಎಣ್ಣಿ ಸೋರಾಕತ್ತೈತಿ, ಗಾಳಿ ಹೊಕ್ಕೈತಿ."

ಬಾನೆಟ್ ತೆರೆದರು. ಬ್ರೇಕಿಗೂ ಕ್ಲಚ್ಚಿಗೂ ಎಣ್ಣೆಯ ಡಬ್ಬಿ ಒಂದೇ, ಅರ್ಧಕ್ಕಿಂತ ಕೆಳಗಿಳಿದಿತ್ತು. ಗಾಡಿಯಡಿ ಮಲಗಿ ಗೇರ್‌ಬಾಕ್ಸಿನ ಬದಿ ಮುಟ್ಟಿ ನೋಡಿದರು, ಒಣಗಿತ್ತು, ಸೋರಿಕೆ ಅಲ್ಲಿಯದಲ್ಲ. ಆಮೇಲೆ ಮ್ಯಾಟು ಎತ್ತಿ, ಬೆರಳು ಅದ್ದಿ ಮೂಸಿದರು. ಪೆಡಲಿನ ಹಿಂದಿನ ಸಲಾಕೆಯನ್ನು ಅರಿವೆಯಿಂದ ಒರೆಸಿ, ನನ್ನಿಂದ ಹತ್ತು ಸಲ ತುಳಿಸಿದರು. ಮತ್ತೆ ಒದ್ದೆ.

"ಕಾಯಿ ನೀರಲ್ರಿ ಅಕ್ಕಾರ, ಇದು ಕ್ಲಚ್ಚಿನ ಎಣ್ಣಿ. ಪೆಡಲ್ ತುಳದ್ರ ಎಣ್ಣಿ ನೂಕೂ ಮ್ಯಾಲಿನ ಸಿಲಿಂಡರಿನ ರಬ್ಬರ್ ಹೋಗೈತಿ. ಇನ್ನಷ್ಟು ಇಳದಿದ್ರ ಬ್ರೇಕಿಗೂ ತ್ರಾಸ ಆಗ್ತಿತ್ತು."

ಗಂಡ ನನ್ನ ಕಡೆ ತಿರುಗಿ ನೋಡಿದರು. ಆ ನೋಟವೇ ಸಾಕಾಗಿತ್ತು. ಹೊಸ ಸಿಲಿಂಡರ್ ತರಲು ಅವರೇ ಹೋದರು. ಅಂಗಡಿಯವನು ಊಟಕ್ಕೆ ಹೋಗಿದ್ದರಿಂದ ಬರುವುದು ತಡವಾಯಿತು. ಕೂಡಿಸಿದ ಮೇಲೆ ಗಾಳಿ ತೆಗೆಯುವ ಕೆಲಸ ನನ್ನ ಕಾಲಿಗೇ ಬಂತು. "ಒತ್ರಿ. ಹಿಡೀರಿ. ಬಿಡ್ರಿ," ಎಂದು ಮಿಸ್ತ್ರಿ ಕೆಳಗಿನಿಂದ ಹೇಳುತ್ತಿದ್ದರು. ಎಣ್ಣೆಯಲ್ಲಿ ಗುಳ್ಳೆ ಬರುವುದು ನಿಂತಾಗ ಪೆಡಲ್ ಬಿಗಿಯಾಯಿತು. ಐದು ಗಂಟೆಯಾಗಿತ್ತು.

ಮುದ್ದೇಬಿಹಾಳ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಹೊಸ್ತಿಲಲ್ಲೇ ಕುಳಿತಿದ್ದಳು.

"ಗಾಡಿ ಕೆಟ್ಟೈತಿ ಅಂದಾಗ ನನಗ ಸಮಾಧಾನ ಆಗಿತ್ತು," ಎಂದಳು.

"ಯಾಕವ್ವಾ?"

"ಬಸ್ಸಿನ್ಯಾಗ ಇನ್ನ ನನ್ನಿಂದ ಆಗೂದಿಲ್ಲ. ಗಾಡಿನೂ ಬರಲಿಲ್ಲಂದ್ರ, ನಾಳಿಂದ ದವಾಖಾನಿಗೆ ಹೋಗೂದ ಬ್ಯಾಡ ಅಂತ ನಿಮಗ ಹೇಳಿಬಿಡೂದು ಅಂತ ಕುಂತಿದ್ದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಕಾರಿನ ಬಾಗಿಲು ತೆರೆದು "ಹತ್ತು" ಎಂದೆ.

"ಹೋಗೂದು ನಾಳಿ ಅಲ್ಲೇನ?"

"ಈಗೊಮ್ಮಿ ಕುಂದ್ರು ನೀ."

ಕುಳಿತಳು. ತಾಳಿಕೋಟೆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿ ಬಂದೆವು. ಇಳಿಯುವ ಮೊದಲು, ನಾಳೆ ಎಷ್ಟು ಗಂಟೆಗೆ ಹೊರಡೋಣ ಎಂದು ಅವಳೇ ಕೇಳಿದಳು.