ಪಾರ್ಲಿಮೆಂಟಿಗೆ ಬರೆಯುತ್ತಿದ್ದ ಬಾಯಮ್ಮ

ಅವರ ಎಡಗಣ್ಣಿಗೆ ಪೊರೆಯ ಆಪರೇಶನ್ ಆಗಿತ್ತು. ಬಲಗಣ್ಣಿಗೆ ಮಾಡಿಸಿಕೊಳ್ಳಲು ಅವರು ಒಪ್ಪಿರಲಿಲ್ಲ. ಓದುತ್ತಿರುವ ಕಾಗದದಲ್ಲಿ ಯಾವುದಾದರೂ ಅಂಕಿ ಬಂತೆಂದರೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಕತ್ತನ್ನು ಹಿಂದಕ್ಕೆಳೆದು, ಎಡಗಣ್ಣನ್ನು ಕಿರಿದು ಮಾಡಿ ನೋಡುತ್ತಿದ್ದರು. ಆಮೇಲೆ ಕೈ ಬದಲಿಸಿ ಇನ್ನೊಂದು ಕಣ್ಣಿನಿಂದ. ಮೀನಿನವಳ ಬುಟ್ಟಿಯಲ್ಲಿ ಬಂಗುಡೆಯ ಕಿವಿರೆತ್ತಿ ನೋಡುವಾಗಲೂ ಇದೇ ಭಂಗಿ. ಒಂದು ಕಣ್ಣು ಕಂಡದ್ದನ್ನು ಇನ್ನೊಂದು ಒಪ್ಪದೆ ಅವರು ಏನನ್ನೂ ನಂಬುತ್ತಿರಲಿಲ್ಲ.

ಶಿರ್ವದಲ್ಲಿ, ಗಲ್ಫ್ ಹಣದಿಂದ ಎದ್ದ ಎರಡು ದೊಡ್ಡ ಮನೆಗಳ ನಡುವಿನ ಹಳೆಯ ಹೆಂಚಿನ ಮನೆ ಅವರದು. ಕ್ರಿಶ್ಚಿಯನ್ ಹಿರಿಯ ಹೆಂಗಸರನ್ನು ಕರೆಯುವಂತೆ ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಬಹಳ ವರ್ಷ ದಿಲ್ಲಿಯ ಕಚೇರಿಯೊಂದರಲ್ಲಿ ಸಂಸದರಿಗೆ ವರದಿ ಬರೆಯುವ ಕೆಲಸ ಮಾಡಿದ್ದರು. ಒಂದು ಮಸೂದೆ ಚರ್ಚೆಗೆ ಬರುವ ಮೊದಲು ಸಮಸ್ಯೆ ಏನು, ಹಿಂದೆ ಯಾರು ಯಾವ ಉಪಾಯ ಮಾಡಿದ್ದರು, ಪರ ಇರುವವರು ಏನೆನ್ನುತ್ತಾರೆ, ವಿರೋಧಿಗಳು ಏನೆನ್ನುತ್ತಾರೆ, ಯಾರಿಗೂ ಗೊತ್ತಿಲ್ಲದ್ದು ಯಾವುದು ಎಂದು ಬರೆದುಕೊಡುವುದು. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ದಿಲ್ಲಿಯ ಒಂದು ಸಣ್ಣ ಸಂಸ್ಥೆಗೆ ಅದೇ ಕೆಲಸ ಮಾಡುತ್ತಿದ್ದರು. ಯಾವ ಪಕ್ಷಕ್ಕೆ ಎಂದು ಕೇಳಿದರೆ, ಓದುವ ಎಲ್ಲ ಪಕ್ಷಕ್ಕೂ ಎನ್ನುತ್ತಿದ್ದರು. ನಮ್ಮ ಕಡೆ ಒಬ್ಬರ ಮೇಲೆ ಸಂಶಯ ಹುಟ್ಟಲು ಇದಕ್ಕಿಂತ ಹೆಚ್ಚೇನೂ ಬೇಡ.

ನಾನು ಕಾಪುವಿನವಳು, ಬ್ಯಾರಿ ಮುಸ್ಲಿಮರ ಮನೆಯವಳು. ಮಣಿಪಾಲದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಇದ್ದಾಗ, ಸಹಾಯಕ್ಕೆ ಹುಡುಗಿಯೊಬ್ಬಳು ಬೇಕಂತೆ ಎಂದು ಉಪನ್ಯಾಸಕಿಯೊಬ್ಬರು ಹೇಳಿ ಕಳಿಸಿದ್ದರು. ಬಾಯಮ್ಮ ನನ್ನ ಅಂಕಪಟ್ಟಿಯನ್ನು ಎರಡು ಕಣ್ಣಿನಿಂದಲೂ ಪರೀಕ್ಷಿಸಿ, ಉಪನ್ಯಾಸಕಿಯ ಶಿಫಾರಸನ್ನು ಪಕ್ಕಕ್ಕಿಟ್ಟು, ಅವತ್ತಿನ ಪತ್ರಿಕೆಯನ್ನು ಮುಂದೆ ಹಾಕಿದರು. ಮೊದಲ ಪುಟದಲ್ಲಿ ನಂಬಲಾಗದ ವಾಕ್ಯಗಳಿಗೆ ಗೆರೆ ಹಾಕು ಎಂದರು. ನಾನು ಹಾಕಿದ ಗೆರೆಗಳು ಅವರಿಗೆ ಬಹಳ ಕಡಿಮೆಯೆನಿಸಿದವು.

ಮನೆಗೆ ಬಂದು ಹೇಳಿದಾಗ ಉಮ್ಮ, ಎಂದರೆ ನನ್ನ ಅಮ್ಮ, ಕೇಳಿದ್ದು ಒಂದೇ ಪ್ರಶ್ನೆ. ಇಡೀ ಶಿರ್ವದಲ್ಲಿ ಅವರದೇ ಜಾತಿಯ ಓದಿದ ಹುಡುಗಿಯರು ಅಷ್ಟೊಂದು ಇರುವಾಗ, ಆ ಬಾಯಮ್ಮನಿಗೆ ನೀನೇ ಯಾಕೆ ಬೇಕು?

ಉತ್ತರ ಕೆಲವು ವಾರಗಳಲ್ಲೇ ಸಿಕ್ಕಿತು. ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆ ಹೊಸ ಕಾನೂನೊಂದರ ಮಾತು ದಿಲ್ಲಿಯಲ್ಲಿ ನಡೆದಿತ್ತು. ಅದರ ಬಗ್ಗೆ ಬಾಯಮ್ಮ ವರದಿ ಬರೆಯಬೇಕಿತ್ತು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ಸೇರುವವರು ಸರಕಾರದ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ತೊಂದರೆಯಾದರೆ ಅವರನ್ನು ಕೇಳುವವರೂ ಇಲ್ಲ. ಅಂಥವರ ಮನೆಯವರೊಡನೆ ಮಾತಾಡಬೇಕು. ಕೊಂಕಣಿ ಮನೆಗಳಿಗೆ ಅವರು ಹೋಗಬಲ್ಲರು. ಬ್ಯಾರಿ ಮನೆಯ ಅಡುಗೆಕೋಣೆಗೆ ಹೋಗಲು ನಾನು ಬೇಕು.

"ಅದಕ್ಕೇ ನನ್ನನ್ನು ಇಟ್ಟುಕೊಂಡದ್ದಾ?" ಎಂದೆ.

"ಹೌದು," ಎಂದರು. "ಬೇರೆ ಕಾರಣ ಹೇಳಿದ್ದರೆ ನೀನು ನಂಬಬಾರದಿತ್ತು."

ಕಾಪುವಿನಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಓಡಾಡಿದೆವು. ಹೆಂಗಸರು ಚಹಾ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಹೆಸರು ಬರೆದುಕೊಳ್ಳುತ್ತೀರಾ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನಮ್ಮವರ ಹೆಸರು ಯಾವುದೋ ಪಟ್ಟಿಗೆ ಸೇರುವುದೆಂದರೆ ಏನೆಂದು ಬಾಯಮ್ಮನಿಗೆ ನಾನು ವಿವರಿಸಬೇಕಾಗಲಿಲ್ಲ. ಕಾರ್ಕಳದ ಒಬ್ಬಳು ಮಾತ್ರ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಗಂಡನ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿತ್ತು. ಗಂಡನ ಫೋನು ಬರುವುದು ನಿಂತಿತ್ತು. ಮರುದಿನ ಬೆಳಿಗ್ಗೆ ಅವಳೇ ನನಗೆ ಫೋನು ಮಾಡಿ, ಹೇಳಿದ್ದನ್ನೆಲ್ಲ ತೆಗೆದುಬಿಡಿ ಎಂದಳು. ಬಾಯಮ್ಮ ಆ ಹಾಳೆಗಳನ್ನು ನನ್ನ ಎದುರೇ ಬಚ್ಚಲ ಒಲೆಗೆ ಹಾಕಿದರು. ನಮಗೆ ಸಿಕ್ಕಿದ್ದರಲ್ಲಿ ಅದೇ ಗಟ್ಟಿ ಸಂಗತಿ ಎಂದು ನಾನು ಗೊಣಗಿದೆ. ಅವಳು ಕೊಟ್ಟದ್ದನ್ನು ಅವಳೇ ವಾಪಸು ತೆಗೆದುಕೊಂಡಳು, ಇದರಲ್ಲಿ ನಿನ್ನದೂ ನನ್ನದೂ ಎಂತ ಉಂಟು ಎಂದು ಅವರು ಒಲೆಯ ಮುಂದಿನಿಂದ ಎದ್ದರು.

ಆ ಹೊತ್ತಿಗೆ ಸುದ್ದಿ ಕಟಪಾಡಿಗೆ ಮುಟ್ಟಿತ್ತು. ಅಲ್ಲಿ ನನ್ನ ಮಾವನ ಟ್ರಾವೆಲ್ಸ್ ಅಂಗಡಿ ಉಂಟು. ಉಮ್ಮನ ದೊಡ್ಡಪ್ಪನ ಮಗ. ನನ್ನ ಅಣ್ಣನನ್ನು ಗಲ್ಫಿಗೆ ಕಳಿಸಿ, ಅಲ್ಲೊಂದು ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚಿದವರು ಅವರೇ. ಅಣ್ಣ ಹೋದದ್ದೂ ವಿಸಿಟ್ ವೀಸಾದಲ್ಲೇ. ಶಿರ್ವದ ಬಸ್ಸಿಗೆ ನಿಂತಿದ್ದ ನನ್ನನ್ನು ಮಾವ ಅಂಗಡಿಗೆ ಕರೆದು ಕೂರಿಸಿದರು. ಮನೆಯವರ ಆರೋಗ್ಯ ವಿಚಾರಿಸಿದರು, ನಿಂಬೆ ಶರಬತ್ತು ತರಿಸಿದರು, ಆಮೇಲೆ ಮೆಲ್ಲಗೆ ಹೇಳಿದರು: "ನೀವು ಬರೆದದ್ದರಿಂದ ಈ ದಾರಿ ಬಂದಾದರೆ ಊರಿನ ಹುಡುಗರು ಎಲ್ಲಿಗೆ ಹೋಗಬೇಕು? ಅಣ್ಣ ಇರುವುದು ಹೇಗೆಂತ ನಿನಗೆ ಗೊತ್ತುಂಟಲ್ವಾ?"

ಅದು ಬೆದರಿಕೆಯೋ ಕಾಳಜಿಯೋ ನನಗೆ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿದಷ್ಟೂ ನನ್ನ ಸಂಶಯ ಮಾವನಿಂದ ಜಾರಿ ಬಾಯಮ್ಮನ ಕಡೆಗೆ ಹೋಯಿತು. ಆ ವರದಿಯನ್ನು ಬರೆಸುತ್ತಿರುವವರು ನಿಜವಾಗಿ ಯಾರು? ಅವರ ಮನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅವರು ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುವುದು ಕೇಳಿಸಿತು. "ಹೆಸರುಗಳೆಲ್ಲ ನನ್ನ ಬಳಿ ಇವೆ" ಎನ್ನುತ್ತಿದ್ದರು. ಅಷ್ಟು ಕೇಳಿದ್ದೇ ನಾನು ಚಪ್ಪಲಿ ಮೆಟ್ಟಿ ತಿರುಗಿ ಬಂದೆ. ಮತ್ತೆ ಹೋಗಲಿಲ್ಲ, ಅವರ ಫೋನು ಎತ್ತಲಿಲ್ಲ. ಆ ದಿನ ಸಂಶಯಪಟ್ಟದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

ಒಂದು ಮಧ್ಯಾಹ್ನ ಬಾಯಮ್ಮ ನಮ್ಮ ಮನೆಯ ಗೇಟಿನ ಮುಂದೆ ನಿಂತಿದ್ದರು. ಮಂಡಿನೋವಿನವರು, ಎರಡು ಬಸ್ಸು ಬದಲಿಸಿ, ನಿಲ್ದಾಣದಿಂದ ನಡೆದು ಬಂದಿದ್ದರು. ಉಮ್ಮ ಅವರನ್ನು ಕೂರಿಸಿದರು, ನೀರು ಕೊಟ್ಟರು, ಒಳಗೆ ಬಂದು ಮಾವನಿಗೆ ಫೋನು ಮಾಡಿದರು. ಫೋನಿನಲ್ಲಿ ಹೆಸರುಗಳ ಬಗ್ಗೆ ಹೇಳುತ್ತಿದ್ದಿರಲ್ಲ ಎಂದು ಮಾವ ಬರುವ ಮೊದಲೇ ನಾನು ಕೇಳಿದೆ.

"ಹೌದು. ದಿಲ್ಲಿಯವರು ಕೇಳಿದ್ದರು. ಹೆಸರುಗಳು ನನ್ನ ಬಳಿ ಇವೆ, ನನ್ನ ಬಳಿಯೇ ಇರುತ್ತವೆ, ಕಳಿಸುವುದಿಲ್ಲ ಎಂದೆ. ನೀನು ಎಲ್ಲಿಯವರೆಗೆ ಕೇಳಿದ್ದು?"

ಅವರು ಹೇಳಿದ್ದನ್ನು ನಂಬಲು ನನ್ನಲ್ಲಿ ಆಧಾರವಿರಲಿಲ್ಲ.

ಮಾವ ಬಂದ ಮೇಲೆ ಅವರು ಚೀಲದಿಂದ ಹಾಳೆಗಳನ್ನು ತೆಗೆದರು. ಇಂಗ್ಲಿಷಿನಲ್ಲಿದ್ದ ವರದಿಯನ್ನು ಕೂತು ಕನ್ನಡಕ್ಕೆ ಇಳಿಸಿಕೊಂಡು ಬಂದಿದ್ದರು. ಅದನ್ನು ಓದುತ್ತ, ಉಮ್ಮನಿಗೆ ತಿಳಿಯದ ಕಡೆ ನಿಲ್ಲಿಸಿ, ಇಬ್ಬರಿಗೂ ಬರುವ ತುಳುವಿನಲ್ಲಿ ಬಿಡಿಸಿ ಹೇಳಿದರು. ಯಾರ ಹೆಸರೂ ಇರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಮಾವನಂಥವರು ಹೇಳುವ ಮಾತಿಗೂ ಒಂದು ಇಡೀ ಪುಟ ಇತ್ತು. ತನ್ನ ಮಾತನ್ನು ಅಷ್ಟು ನೆಟ್ಟಗೆ ಬೇರೆಯವರ ಬಾಯಲ್ಲಿ ಕೇಳಿ ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

ಇದನ್ನು ಯಾರು ಓದುತ್ತಾರೆ ಎಂದು ಉಮ್ಮ ಕೇಳಿದರು. ಕಾನೂನು ಮಾಡುವವರು, ಅದರಲ್ಲೂ ಹೆಚ್ಚಿನವರು ಓದುವುದಿಲ್ಲ ಎಂದರು ಬಾಯಮ್ಮ. ಓದಿದರೆ ನನ್ನ ಮಗನಿಗೆ ಒಳ್ಳೆಯದಾಗುತ್ತದಾ ಎಂದು ಉಮ್ಮ ಮತ್ತೆ ಕೇಳಿದರು.

"ಆಗುತ್ತದೆ ಎನ್ನಲು ನನ್ನಲ್ಲಿ ಆಧಾರ ಇಲ್ಲ. ಓದುವವನು ಒಬ್ಬನೇ ಇದ್ದರೂ ಅವನ ಕೈಗೆ ಸುಳ್ಳು ಸಿಗಬಾರದು. ಅಷ್ಟೇ ನನ್ನ ಕೆಲಸ."

ಹಾಗಾದರೆ ಒಂದು ಕಡೆ ಸುಳ್ಳು ಉಂಟು ಎಂದರು ಉಮ್ಮ. ಏಜೆಂಟರು ಮನೆಯವರಿಗೆ ಮೋಸ ಮಾಡಿ ಕಳಿಸುತ್ತಾರೆ ಎಂದು ನೀವು ಓದಿದಿರಿ. ನನಗೆ ಯಾರೂ ಮೋಸ ಮಾಡಲಿಲ್ಲ.

"ಅದು ಯಾವ ವೀಸಾ ಅಂತ ನನಗೆ ಗೊತ್ತಿತ್ತು ಬಾಯಮ್ಮ. ಸಿಕ್ಕಿಬಿದ್ದರೆ ಕೇಳುವವರಿಲ್ಲ ಎಂದೂ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ, ಕಳಿಸಿದೆ."

ಮಾವ ನೆಲ ನೋಡುತ್ತಿದ್ದರು. ಅಣ್ಣನನ್ನು ಕಳಿಸಿದ ಮೇಲೆ ಉಮ್ಮ ಆ ಮಾತನ್ನು ನನ್ನೆದುರು ಒಮ್ಮೆಯೂ ಆಡಿರಲಿಲ್ಲ. ಬಾಯಮ್ಮ ಪೆನ್ನು ತೆಗೆದು ಆ ವಾಕ್ಯವನ್ನು ಹೊಡೆದುಹಾಕಿದರು. ಮೋಸ ಹೋದವರೂ ಇದ್ದಾರೆ; ಆದರೆ ಹಲವು ಮನೆಯವರು ಅಪಾಯವನ್ನು ತಿಳಿದೇ ಕಳಿಸುತ್ತಾರೆ ಎಂದು ಬರೆದರು. ಅದರ ಕೆಳಗೆ ಇನ್ನೊಂದು ವಾಕ್ಯ: ಏಕೆಂದರೆ ಕಾನೂನಿನ ದಾರಿ ಅವರ ಕೈಗೆಟಕುವಂತಿಲ್ಲ. ಎರಡನ್ನೂ ಉಮ್ಮನಿಗೆ ಓದಿ ಹೇಳಿ, ಅವರು ತಲೆಯಾಡಿಸಿದ ಮೇಲೆ ಹಾಳೆಗಳನ್ನು ಮಡಚಿದರು. ಮರುದಿನ ನಾನು ಮತ್ತೆ ಶಿರ್ವದ ಬಸ್ಸು ಹತ್ತಿದೆ.

ವರದಿ ದಿಲ್ಲಿಗೆ ಹೋಯಿತು. ತಿಂಗಳುಗಳ ನಂತರ ಆ ವಿಷಯ ಸದನದಲ್ಲಿ ಚರ್ಚೆಗೆ ಬಂದಾಗ ನಾವಿಬ್ಬರೂ ಬಾಯಮ್ಮನ ಮನೆಯಲ್ಲಿ ನನ್ನ ಮೊಬೈಲನ್ನು ಚಹಾದ ಲೋಟಕ್ಕೆ ಒರಗಿಸಿಟ್ಟು ನೋಡುತ್ತಿದ್ದೆವು. ಯಾವುದೋ ದೂರದ ರಾಜ್ಯದ ಸದಸ್ಯರೊಬ್ಬರು ಎದ್ದು ನಿಂತು, ಸ್ವತಂತ್ರ ಸಂಶೋಧನಾ ವರದಿಯೊಂದನ್ನು ಉಲ್ಲೇಖಿಸುತ್ತೇನೆ ಎಂದರು. ಹಲವು ಮನೆಯವರು ಅಪಾಯವನ್ನು ತಿಳಿದೇ ಕಳಿಸುತ್ತಾರೆ ಎಂದು ಓದಿದರು. ಅಲ್ಲಿಗೆ ನಿಲ್ಲಿಸಿದರು. ತಿಳಿದೂ ತಿಳಿದೂ ಹೋದವರ ಹೊಣೆಯನ್ನು ಸರಕಾರ ಯಾಕೆ ಹೊರಬೇಕು ಎಂದು ಕೇಳಿದರು. ಮೇಜು ಕುಟ್ಟಿದ ಸದ್ದು ಕೇಳಿಸಿತು.

ಬಾಯಮ್ಮ ಮೊಬೈಲನ್ನು ಮಗುಚಿಟ್ಟರು. ಆ ಸದಸ್ಯರಿಗೆ ಅವತ್ತೇ ಪತ್ರ ಬರೆದರು. ನೀವು ಅರ್ಧ ಓದಿದ್ದೀರಿ, ಉಳಿದರ್ಧ ಇದು, ಎಂದಷ್ಟೇ. ಅದಕ್ಕೆ ಉತ್ತರ ಬರಲಿಲ್ಲ. ಬರಬಹುದೆಂದು ಅವರು ಕಾಯಲೂ ಇಲ್ಲ. ಮರುದಿನ ಮತ್ತೆ ನಮ್ಮ ಮನೆಗೆ ಬಂದು, ಉಮ್ಮನ ಮಾತನ್ನು ದಿಲ್ಲಿಯಲ್ಲಿ ಹೇಗೆ ಬಳಸಿದರು ಎಂಬುದನ್ನು ಒಂದಕ್ಷರ ಬಿಡದೆ ಹೇಳಿದರು. ನಾನು ಹೇಳುತ್ತೇನೆ, ನೀವು ಬರಬೇಡಿ ಎಂದಿದ್ದೆ. ಇದನ್ನು ನೀನು ಮೆತ್ತಗೆ ಮಾಡಿ ಹೇಳುತ್ತೀ ಮಾರಾಯ್ತಿ ಎಂದಿದ್ದರು.

ಉಮ್ಮ ಕೇಳಿಸಿಕೊಂಡರು. ಕೋಪ ಬಂದಿತ್ತು, ಯಾರ ಮೇಲೆಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ, ನಾನು ಹೇಳಿದ್ದು ಸುಳ್ಳಲ್ಲ ಎಂದರು. ಅಲ್ಲ ಎಂದರು ಬಾಯಮ್ಮ. ಬೇರೆ ಸಮಾಧಾನದ ಮಾತು ಅವರಿಬ್ಬರ ನಡುವೆ ನಡೆಯಲಿಲ್ಲ. ಊಟ ಮಾಡಿ ಹೋಗಿ ಎಂದು ಉಮ್ಮ ಹೇಳಿದಾಗ ಮಾತ್ರ ಬಾಯಮ್ಮನ ಕಣ್ಣು ಒದ್ದೆಯಾಯಿತು.

ಅಂದಿನಿಂದ ಅವರ ಬರವಣಿಗೆ ಬದಲಾಯಿತು. ಒಂದು ಮಾತನ್ನೂ ಅದರ ಕಾರಣವನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಡುತ್ತಿರಲಿಲ್ಲ. ಕತ್ತರಿಸಲು ಬಾರದಂತೆ ಹೆಣೆಯಬೇಕು ಎನ್ನುತ್ತಿದ್ದರು. "ಕನ್ನಡದಲ್ಲೇ ಬರೆಯಬೇಕಿತ್ತು," ಎಂದು ಒಮ್ಮೆ ನಕ್ಕರು. "ಕ್ರಿಯಾಪದ ಕೊನೆಗೆ ಬರುತ್ತದೆ. ಅರ್ಧ ಓದಿದವನಿಗೆ ಎಂತದೂ ಸಿಗುವುದಿಲ್ಲ."

ಆ ಮಸೂದೆ ಏನಾಯಿತೆಂದು ಇವತ್ತು ಕೇಳಿದರೆ ಇನ್ನೂ ಪರಿಶೀಲನೆಯಲ್ಲಿದೆ ಎಂಬ ಉತ್ತರವೇ ಸಿಗುತ್ತದೆ. ಅಣ್ಣನಿಗೆ ಮಾತ್ರ ಮರುವರ್ಷ ಸರಿಯಾದ ಕೆಲಸದ ವೀಸಾ ಆಯಿತು. ಅಂಗಡಿಯ ಮಾಲೀಕ ಬದಲಾಗಿದ್ದ, ಅಷ್ಟೇ. ಉಮ್ಮ ಅದನ್ನು ವರದಿಯ ಫಲವೆಂದು ನಂಬಿ ಅಕ್ಕಿಯ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಬಾಯಮ್ಮನಿಗೆಂದು ಕಟ್ಟಿಕೊಟ್ಟರು. ಅದಕ್ಕೂ ವರದಿಗೂ ಸಂಬಂಧವಿಲ್ಲವೆಂದು ನನ್ನಿಂದಲೇ ಉಮ್ಮನಿಗೆ ಫೋನು ಮಾಡಿಸಿ ಹೇಳಿಸಿದ ಮೇಲೆ ಬಾಯಮ್ಮ ಡಬ್ಬಿ ತೆರೆದರು. ಎರಡು ಹೊತ್ತು ಅದನ್ನೇ ತಿಂದರು.

ಕಳೆದ ವರ್ಷ ಅವರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಸುಧಾರಿಸುತ್ತಿದ್ದೀರಿ ಎಂದು ಎಳೆಯ ಡಾಕ್ಟರೊಬ್ಬರು ಹೇಳಿದಾಗ, ಯಾವುದಕ್ಕೆ ಹೋಲಿಸಿ ಎಂದು ಕೇಳಿದರು. ಡಾಕ್ಟರು ನಕ್ಕು ಹೊರಟವರು ಬಾಗಿಲಲ್ಲಿ ನಿಂತು, ತಿರುಗಿ ಬಂದು, ಸ್ಟೂಲು ಎಳೆದುಕೊಂಡು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಾಯಮ್ಮ ಅವರಿಗೆ ಥ್ಯಾಂಕ್ಸ್ ಹೇಳಿ, ಅರ್ಧ ಉಳಿದಿದ್ದ ವರದಿಯೊಂದನ್ನು ಹೇಗೆ ಮುಗಿಸಬೇಕೆಂದು ಆ ಸಂಜೆಯೇ ನನಗೆ ಬರೆಸಿದರು. ಈಗ ಅವರ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಜನರು ನನ್ನನ್ನು ಸಂಶಯದಿಂದ ನೋಡಿದರೆ ನನಗೆ ಬೇಸರವಾಗುವುದಿಲ್ಲ. ಕೇಳದೆ ನಂಬುವವರ ಮನೆಯಿಂದ ಮಾತ್ರ ಹೆದರಿಕೊಂಡೇ ಹೊರಬರುತ್ತೇನೆ. ಇದು ಅವರಿಂದ ಬಂದದ್ದು.

ಬಾಯಮ್ಮ ತೀರಿಕೊಂಡಾಗ ಅವರ ಮಣ್ಣಿಗೆ ಉಮ್ಮನೂ ಬಂದಿದ್ದರು. ನಮ್ಮಲ್ಲಿ ಹೆಂಗಸರು ಖಬರಸ್ಥಾನಕ್ಕೆ ಹೋಗುವ ಪದ್ಧತಿಯಿಲ್ಲ. ಅಪ್ಪ ತೀರಿಕೊಂಡಾಗಲೂ ಉಮ್ಮ ಮನೆಯೊಳಗೇ ಇದ್ದರು. ಶಿರ್ವದಲ್ಲಿ ಹೆಂಗಸರು ಗಂಡಸರು ಎಲ್ಲರೂ ಸಾಲಾಗಿ ಹೋಗಿ ಗುಂಡಿಗೆ ಮಣ್ಣು ಹಾಕುತ್ತಿದ್ದರು. ಉಮ್ಮ ದೂರದಲ್ಲಿ ನಿಂತು ಅದನ್ನೇ ನೋಡಿದರು. ಹಾಕಬಹುದಾ ಎಂದು ನನ್ನನ್ನು ಕೇಳಿದರು. ನನ್ನ ಉತ್ತರ ನಂಬದೆ ಪಕ್ಕದಲ್ಲಿದ್ದ ಕ್ರಿಶ್ಚಿಯನ್ ಹೆಂಗಸೊಬ್ಬರನ್ನೂ ಕೇಳಿದರು. ಆಮೇಲೆ ಬುರ್ಖಾದ ತೋಳು ಮೇಲೆಳೆದು ಹೋಗಿ, ಬಗ್ಗಿ, ಮಣ್ಣು ಹಾಕಿ ಬಂದರು.

ಬಸ್ಸಿನಲ್ಲಿ ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಒರೆಸಿಕೊಳ್ಳಲು ಕರ್ಚೀಫು ಕೊಟ್ಟೆ. ಇರಲಿ, ಮನೆಗೆ ಹೋಗಿ ತೊಳೆಯುತ್ತೇನೆ ಎಂದರು.