ನಾನು ಗದರಿದ ಹುಡುಗಿ

ನನ್ನದು ಮೊದಲಿನಿಂದಲೂ ದೊಡ್ಡ ಬಾಯಿ. ಅದಕ್ಕೆ ಸಾಣೆ ಹಿಡಿದವರು ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿನ ನಮ್ಮ ಮೇಡಂ. ಮೌಖಿಕ ಪರೀಕ್ಷೆಯಲ್ಲಿ ಮೆಲ್ಲಗೆ ಉತ್ತರಿಸಿದವರನ್ನು ಬಾಗಿಲಾಚೆ ನಿಲ್ಲಿಸಿ, ಅಲ್ಲಿಂದಲೇ ಕೂಗಿ ಹೇಳಿಸುತ್ತಿದ್ದರು. ಉತ್ತರ ಸರಿಯಿದ್ದರೂ ಸರಿ ಎನ್ನುತ್ತಿರಲಿಲ್ಲ, ಹೊಗಳಿದರೆ ತಲೆಗೇರುತ್ತದಂತೆ. ಆಕ್ಲೆಂಡಿನ ಹೆರಿಗೆ ವಾರ್ಡಿಗೆ ಬಂದು ಇಷ್ಟು ವರ್ಷವಾದರೂ ನನ್ನ ಪಾಠದ ರೀತಿ ಅದೇ.

ನಮ್ಮ ವಾರ್ಡಿನಲ್ಲಿ ಹಾಸಿಗೆ ಬದಲಿಸುವ ಸಹಾಯಕಿಯೊಬ್ಬಳು ಅಫ್ಘಾನಿಸ್ತಾನದವಳು. ಅಲ್ಲಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ತಂಗಿ ಕಾಬೂಲಿನಲ್ಲಿ ಹೆರಿಗೆ ಮಾಡಿಸುವ ವಿದ್ಯೆ ಓದುತ್ತಿದ್ದಾಗ, ಹೆಣ್ಣುಮಕ್ಕಳು ಅದನ್ನೂ ಕಲಿಯಬಾರದೆಂದು ಅಲ್ಲಿನ ಸರ್ಕಾರ ನಿಲ್ಲಿಸಿಬಿಟ್ಟಿತು. ತಂಗಿ ಬೆಟ್ಟದ ಊರಿನ ಅಣ್ಣನ ಮನೆ ಸೇರಿದಳು. ಅತ್ತಿಗೆ ಬಸುರಿ. ಆಸ್ಪತ್ರೆ ಅರ್ಧ ದಿನದ ದಾರಿ, ಚಳಿಗಾಲದಲ್ಲಿ ದಾರಿಯೂ ಇಲ್ಲ.

"ಸಿಸ್ಟರ್, ಫೋನಿನಲ್ಲಿ ಅವಳಿಗೆ ಪಾಠ ಹೇಳ್ತೀರಾ? ಅತ್ತಿಗೆಯ ಹೆರಿಗೆ ಅವಳೇ ಮಾಡಿಸಬೇಕು" ಎಂದಳು ಅಕ್ಕ. ಒಂದೇ ಎಚ್ಚರಿಕೆ ಕೊಟ್ಟಳು: ಹೆಂಗಸಿನ ದನಿ ಬೀದಿಗೆ ಕೇಳಬಾರದು, ಓದುತ್ತಿದ್ದಾಳೆಂದು ನೆರೆಯವರಿಗೂ ಗೊತ್ತಾಗಬಾರದು.

ಶನಿವಾರ ಸಂಜೆ, ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕೂರುತ್ತಿದ್ದೆ. ಹುಡುಗಿಯ ಮುಖ ನಾನು ನೋಡಲೇ ಇಲ್ಲ. ತೊಗರಿಬೇಳೆ ಆರಿಸುವಷ್ಟು ಸಣ್ಣ ಸದ್ದಿನಲ್ಲಿ, ಚೆಂದದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಬಲು ಚುರುಕು. ನಾನು ಹಾಗೆಂದು ಹೇಳಲಿಲ್ಲ.

ಏಳನೆಯ ಶನಿವಾರ ಕೇಳಿದೆ: "ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಮೊದಲು ಏನು ಮಾಡ್ತೀಯ?"

ಏನೋ ಪಿಸುಗುಟ್ಟಿದಳು. ನನ್ನ ತಲೆ ಕೆಟ್ಟಿತು. "ಗಟ್ಟಿಯಾಗಿ ಹೇಳು! ಗೊತ್ತಿದ್ದವರು ಹೀಗೆ ಗೊಣಗೋದಿಲ್ಲ!"

ಆಚೆ ಕೋಣೆಯಿಂದ ನನ್ನ ಗಂಡ, "ಯಾಕ ಹಂಗ ಒದರಾಕತ್ತಿ? ಪಾಪ, ಹುಡುಗಿ ಅಂಜ್ತಾಳ" ಅಂದರು.

"ನೀವು ಸುಮ್ನಿರ್ರಿ. ನಾವೆಲ್ಲಾ ಹಿಂಗ ಕಲತವ್ರು."

ಅಷ್ಟರಲ್ಲಿ ಹುಡುಗಿ ಕೂಗಿ ಹೇಳಿದಳು: "ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜಿ ಗಟ್ಟಿ ಮಾಡಬೇಕು! ಮೂತ್ರ ಮಾಡಿಸಬೇಕು! ಮಗುವಿಗೆ ಮೊಲೆ ಕೊಡಿಸಬೇಕು!" ಎಂಥ ದನಿ ಅದು! ಆಮೇಲೆ ಬಾಗಿಲು ಬಡಿದ ಸದ್ದು, ಒಬ್ಬ ಗಂಡಸಿನ ಕೂಗು. ಫೋನ್ ಕಟ್ಟಾಯಿತು.

ವಾರ ಕಳೆದ ಮೇಲೆ ಅಕ್ಕ ಹೇಳಿದಳು. ಪಕ್ಕದ ಮನೆಯವನು ಕೇಳಿಸಿಕೊಂಡು ಬಂದು ಬಾಗಿಲು ಬಡಿದಿದ್ದ, ಆಮೇಲೆ ದೂರೂ ಕೊಟ್ಟಿದ್ದ. ಸರ್ಕಾರದ ಕಡೆಯಿಂದ ಬಂದವರು ಅಣ್ಣನನ್ನು ಬೆದರಿಸಿ ಹೋಗಿದ್ದರು. ಅಣ್ಣ ಹೆದರಿ ಫೋನನ್ನೇ ಕಲ್ಲಿನಿಂದ ಜಜ್ಜಿದ್ದ.

"ನನ್ನಿಂದಲೇ ಆಯ್ತು" ಎಂದೆ.

"ನಿಮ್ಮಿಂದಲ್ಲ, ಸಿಸ್ಟರ್. ಬಾಗಿಲು ಬಡಿದವರಿಂದ" ಎಂದು ಅವಳು ದಿಂಬಿನ ಚೀಲ ಬದಲಿಸಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಯಾವ ಬಾಣಂತಿಯ ಹೊಟ್ಟೆ ಮುಟ್ಟಿ ನೋಡಿದರೂ ಆ ಕೂಗು ನನ್ನ ಕಿವಿಯಲ್ಲಿರುತ್ತದೆ. ಹಾಳಾದ ನನ್ನ ಬಾಯಿ! ರಜೆ ಹಾಕಿ ವಾರಗಟ್ಟಲೆ ಮನೆಯಲ್ಲಿ ಕೂತು ನೋಡಿದೆ. ಅಡುಗೆಮನೆಯಲ್ಲಿ ಇನ್ನೂ ಹೆಚ್ಚು ಕೇಳಿಸಿತು.

ಹೋದ ತಿಂಗಳು ಅವರ ದೊಡ್ಡಮ್ಮನ ಫೋನಿನಿಂದ ತಂಗಿಯ ಧ್ವನಿ ಸಂದೇಶ ಬಂತು. ಅಕ್ಕ ಟೀ ಕೋಣೆಯಲ್ಲಿ ಅದನ್ನು ಕೇಳಿಸಿ, ತಡೆದು ತಡೆದು ಅರ್ಥ ಹೇಳಿದಳು. ಅತ್ತಿಗೆಗೆ ಹೆರಿಗೆಯಾಯಿತು. ಹೆಣ್ಣು ಮಗು, ಚೆನ್ನಾಗಿದೆ. ರಕ್ತ ನಿಲ್ಲಲಿಲ್ಲ. ಅತ್ತಿಗೆ ಉಳಿಯಲಿಲ್ಲ. ಕೊನೆಯ ಮಾತು ನನಗೆಂದೇ ಇಂಗ್ಲಿಷಿನಲ್ಲಿತ್ತು, ಮತ್ತೆ ಅದೇ ಪಿಸುದನಿ: "ಟೀಚರ್, ಆ ದಿನ ನೀವು ಏನೂ ಹೇಳಲಿಲ್ಲ. ನನ್ನ ಉತ್ತರ ಸರಿಯಿತ್ತಾ?"

ಸರಿಯಿತ್ತು. ಒಂದು ಮಾತೂ ತಪ್ಪಿರಲಿಲ್ಲ. ಅಷ್ಟು ಮಾಡಿಯೂ ನಿಲ್ಲದಿದ್ದರೆ ಎರಡೂ ಕೈಯಿಂದ ಗರ್ಭಕೋಶವನ್ನು ಒತ್ತಿ ಹಿಡಿಯಬೇಕು. ಅದನ್ನು ಮುಂದಿನ ವಾರ ಹೇಳಿಕೊಡುವವಳಿದ್ದೆ.